ನಾದಮ್ ಹಬ್ಬದ ಕುಸ್ತಿಗೆ ‘ಚಿತ್’ ಅನ್ನಬಹುದಾ? ಕುದುರೆಗೆ ‘ಎರಡು ಹಲ್ಲು’ ಅನ್ನಬಹುದಾ?

ಗೆಳೆಯರೇ,

ಮಕ್ಕಳ ಪತ್ರಿಕೆಯೊಂದಕ್ಕೆ ಮಂಗೋಲಿಯದ ನಾದಮ್ ಹಬ್ಬದ ಬಗ್ಗೆ ಬರೆಯುತ್ತಿದ್ದೇನೆ. ಪ್ರತಿವರ್ಷ ಜುಲೈ 11ರಿಂದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ನಡೆಯುವ ದೊಡ್ಡ ಹಬ್ಬ ಇದು. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ ಇದರ ಜೀವಾಳ. 2010ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು. ಊರೂರಿಗೆ ಗರಡಿಮನೆ ಇದ್ದ ನಾಡು ನಮ್ಮದು, ಪದಗಳಿಗೇನು ಬರ ಅಂದುಕೊಂಡೇ ಕೂತೆ. ಮೊದಲ ಪುಟದಲ್ಲೇ ಕೈ ನಿಂತಿತು.

‘ಎದುರಾಳಿಯನ್ನು ಚಿತ್ ಮಾಡಿದ’ ಎಂದು ಬರೆದಿದ್ದೆ. ಆಮೇಲೆ ಹೊಡೆದು ಹಾಕಿದೆ. ನಮ್ಮ ಮಟ್ಟಿಯಲ್ಲಿ ಚಿತ್ ಅಂದರೆ ಬೆನ್ನು ಮಣ್ಣಿಗೆ ತಾಗಬೇಕು. ಮಂಗೋಲಿಯದ ‘ಬೋಖ್’ ಕುಸ್ತಿಯಲ್ಲಿ ಹಾಗಲ್ಲ. ಮೊಣಕಾಲು ತಾಗಿದರೂ ಸೋಲು, ಮೊಣಕೈ ತಾಗಿದರೂ ಸೋಲು. ಪಾದ ಮತ್ತು ಅಂಗೈಗೆ ಮಾತ್ರ ವಿನಾಯಿತಿ. ‘ಚಿತ್’ ಅಂತ ಓದಿದ ಹುಡುಗ ಬೆನ್ನನ್ನೇ ಕಣ್ಣಮುಂದೆ ತಂದುಕೊಳ್ಳುತ್ತಾನೆ, ಅಲ್ವಾ? ‘ಮಣ್ಣು ಮುಕ್ಕಿಸಿದ’ ಅನ್ನೋಣವೆಂದರೆ ಅದರಲ್ಲಿ ಅವಮಾನದ ವಾಸನೆ ಇದೆ. ಅಲ್ಲಿ ಸೋತವನು ತನ್ನ ಮೇಲಂಗಿಯ ದಾರ ಬಿಚ್ಚಿ, ಗೆದ್ದವನು ಎತ್ತಿದ ತೋಳಿನ ಕೆಳಗೆ ತಲೆ ಬಾಗಿಸಿ ಹಾದುಹೋಗುತ್ತಾನೆ. ಗೆದ್ದವನು ರೆಕ್ಕೆ ಬಿಚ್ಚಿದ ಹಾಗೆ ಎರಡೂ ತೋಳು ಚಾಚಿ ಹಕ್ಕಿಯಂತೆ ಕುಣಿಯುತ್ತಾನೆ. ಅಷ್ಟು ಮರ್ಯಾದೆಯ ಸೋಲಿಗೆ ಮಣ್ಣು ಮುಕ್ಕಿಸುವ ಮಾತು ಒಗ್ಗಲ್ಲ. ಅದೂ ಅಲ್ಲದೆ ಅವರು ಆಡುವುದು ಹುಲ್ಲಿನ ಮೇಲೆ. ಸದ್ಯಕ್ಕೆ ‘ಕೆಡವಿದ’ ಎಂದು ಇಟ್ಟಿದ್ದೇನೆ. ಇದಕ್ಕಿಂತ ಗರಡಿಯ ವಾಸನೆ ಇರುವ ಪದ ಗೊತ್ತಿದ್ದರೆ ಕೊಡಿ.

ಬಿರುದುಗಳದು ಇನ್ನೊಂದು ಕಥೆ. ಸೋತವನು ಅಲ್ಲಿಗೇ ಹೊರಗೆ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ 512 ಜಟ್ಟಿಗಳು ಒಂಬತ್ತು ಸುತ್ತು ಆಡುತ್ತಾರೆ. ತೂಕದ ವಿಂಗಡಣೆ ಇಲ್ಲ. ಐದು ಸುತ್ತು ಗೆದ್ದವನು ‘ನಾಚಿನ್’, ಆರು ಗೆದ್ದವನು ‘ಖರ್ಚಗ’. ಎರಡೂ ಬೇಟೆ ಹಕ್ಕಿಗಳೇ, ಆದರೆ ಬೇರೆ ಬೇರೆ. ಎರಡನ್ನೂ ‘ಗಿಡುಗ’ ಅಂದುಬಿಟ್ಟರೆ ಮೆಟ್ಟಿಲೇ ಕಾಣೆಯಾಗುತ್ತದೆ. ಅದಕ್ಕೆ ಮೊದಲನೆಯದಕ್ಕೆ ಡೇಗೆ, ಎರಡನೆಯದಕ್ಕೆ ಸಾಳುವ ಎಂದು ಬರೆದೆ. ಸಾಳುವ ಅಂದರೆ ಈಗ ವಿಜಯನಗರದ ಸಾಳುವ ನರಸಿಂಹನೇ ನೆನಪಾಗುತ್ತಾನೆ, ಆದರೆ ಅದು ಹಕ್ಕಿಯ ಹೆಸರೂ ಹೌದು. ಸುಮ್ನೆ ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಏಳು ಗೆದ್ದವನು ಆನೆ. ಎಂಟು ಗೆದ್ದವನು ‘ಗಾರಿದ್’. ಇದು ನಮ್ಮ ಗರುಡನೇ! ಬೌದ್ಧ ಧರ್ಮದ ಜೊತೆ ಅಷ್ಟು ದೂರ ಹಾರಿ ಹೋಗಿದ್ದಾನೆ. ಕೊನೆಗೆ ಇಡೀ ಪಂದ್ಯ ಗೆದ್ದವನು ‘ಅರ್ಸ್ಲಾನ್’, ಅಂದರೆ ಸಿಂಹ. ಮೈಸೂರಿನ ಕುಸ್ತಿಯಲ್ಲೂ ‘ದಸರಾ ಕೇಸರಿ’, ‘ದಸರಾ ಕಂಠೀರವ’ ಬಿರುದುಗಳಿವೆಯಲ್ಲ, ಎರಡೂ ಸಿಂಹವೇ. ಆದರೆ ಕಂಠೀರವ ಅಂದರೆ ಇವತ್ತಿನ ಮಕ್ಕಳಿಗೆ ಬೆಂಗಳೂರಿನ ಕ್ರೀಡಾಂಗಣ ಅಷ್ಟೇ. ‘ಸಿಂಹ’ ಸಾಕು ಅನಿಸಿದೆ.

ಹಬ್ಬದ ಪೂರ್ತಿ ಹೆಸರಿಗೆ ‘ಗಂಡಸರ ಮೂರು ಆಟ’ ಎಂಬ ಅರ್ಥವಿದೆ. ಯಕ್ಷಗಾನವನ್ನು ಗಂಡುಕಲೆ ಅನ್ನುವ ಹಾಗೆ ‘ಗಂಡಾಟ’ ಎನ್ನಲು ಆಸೆಯಾಯಿತು. ಆದರೆ ಹೆಂಗಸರೂ ಅಲ್ಲಿ ಬಾಣ ಬಿಡುತ್ತಾರೆ, ಹುಡುಗಿಯರೂ ಕುದುರೆ ಓಡಿಸುತ್ತಾರೆ. ‘ಮೂರಾಟ’ ಅಂದೆ. ‘ನಾದಮ್’ ಎಂದಷ್ಟೇ ಬರೆದರೆ ಸಂಗೀತದ ನಾದ ಅಂದುಕೊಳ್ಳುವವರೇ ಜಾಸ್ತಿ, ಹಾಗಾಗಿ ಒಮ್ಮೆಯಾದರೂ ‘ಆಟ’ ಜೊತೆಗಿರಬೇಕು.

ಈಗ ನನ್ನ ನಿಜವಾದ ಪ್ರಶ್ನೆ. ಓಟದ ಕುದುರೆಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸುತ್ತಾರೆ. ಮೂರು ವರ್ಷದ್ದು ‘ಶುದ್ಲೆನ್’. ಮಂಗೋಲಿಯನ್ ಮಾತಿನಲ್ಲಿ ‘ಶುದ್’ ಅಂದರೆ ಹಲ್ಲು. ಐದು ವರ್ಷದ್ದು ‘ಸೊಯೊಲೊನ್’, ಅದು ಕೋರೆಹಲ್ಲಿನಿಂದ ಬಂದ ಹೆಸರು. ಇದನ್ನು ಓದಿದ ಕೂಡಲೇ ನನಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೆನಪಾಯಿತು. ತಾತ ಹೋರಿಯ ಮೂಗುದಾರ ಹಿಡಿದು, ಕೆಳತುಟಿಯನ್ನು ಹೆಬ್ಬೆರಳಿನಿಂದ ಮಡಚಿ ನೋಡಿ, ‘ಇನ್ನೂ ಎರಡಲ್ಲು ಕಣಪ್ಪಾ’ ಅನ್ನುತ್ತಿದ್ದರು. ಆಮೇಲೆಯೇ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಹಾಲುಹಲ್ಲು ಬಿದ್ದು ಎಷ್ಟು ಹೊಸ ಹಲ್ಲು ಬಂದಿವೆ ಅನ್ನುವುದೇ ವಯಸ್ಸಿನ ಲೆಕ್ಕ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಎಲ್ಲ ಹಲ್ಲೂ ಬಂದರೆ ‘ಬಾಯಿ ಕೂಡಿತು’. ವರ್ಷದ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಹುಲ್ಲುಗಾವಲಿನ ಆ ಜನರದೂ ಇದೇ ಕಣ್ಣು. ‘ಮೂರು ವರ್ಷದ ಕುದುರೆ’ ಎಂದು ಬರೆದರೆ ಅರ್ಥ ಸಿಗುತ್ತದೆ, ಈ ಕಣ್ಣು ಸಿಗಲ್ಲ. ‘ಎರಡು ಹಲ್ಲಿನ ಕುದುರೆ’ ಎಂದು ಬರೆಯಲು ತುಂಬ ಆಸೆ ಇದೆ.

ಜೊತೆಗೆ ಇನ್ನೊಂದು. ಎರಡು ವರ್ಷದ ಮರಿಗಳ ಓಟದಲ್ಲಿ ಎಲ್ಲಕ್ಕಿಂತ ಹಿಂದೆ ಬಂದ ಮರಿಗೆ ‘ಬಯನ್ ಖೋದೋದ್’ ಎಂದು ಹಾಡಿ ಹರಸುತ್ತಾರೆ. ಸಿರಿವಂತ ಹೊಟ್ಟೆ, ತುಂಬಿದ ಹೊಟ್ಟೆ ಎಂದು ಅರ್ಥ. ಬರುವ ವರ್ಷ ನೀನೇ ಮುಂದೆ ಬಾ ಅನ್ನುವ ಹಾರೈಕೆ. ಇದಕ್ಕೆ ನಾನು ‘ಹೊಟ್ಟೆ ತಣ್ಣಗಿರಲಿ’ ಎಂದು ಬರೆದಿದ್ದೇನೆ, ಬದಲಿಸುವುದಿಲ್ಲ.

ಹಲ್ಲಿನ ವಿಷಯಕ್ಕೆ ಮಾತ್ರ ನಿಮ್ಮ ಸಹಾಯ ಬೇಕು. ನಿಮ್ಮ ಮನೆಯಲ್ಲಿ ಜಟಕಾ ಓಡಿಸಿದವರು, ಕುದುರೆ ಸಾಕಿದವರು ಇದ್ದರೆ ಕೇಳಿ ಹೇಳಿ. ಕುದುರೆಗೂ ‘ಎರಡು ಹಲ್ಲು, ನಾಲ್ಕು ಹಲ್ಲು’ ಅನ್ನುತ್ತಿದ್ದರಾ? ‘ಬಾಯಿ ಕೂಡಿತು’ ಅನ್ನುತ್ತಿದ್ದರಾ, ಅಥವಾ ಅದಕ್ಕೆ ಬೇರೆ ಮಾತಿತ್ತಾ? ಯಾವ ಊರಿನ ಮಾತು ಎನ್ನುವುದನ್ನೂ ಬರೆಯಿರಿ.