ಬೋರಿಸ್ ಗೊದುನೋವ್: ಒಂದು ಧ್ವನಿಮುದ್ರಣ ತ್ಸಾರನ ಸಾವಿನಲ್ಲಿ ಮುಗಿಯುತ್ತೆ, ಇನ್ನೊಂದು ಮರುಳನ ಹಾಡಿನಲ್ಲಿ. ಯಾವುದು ಸರಿ?

ಮಂದ್ರಪ್ರಿಯ (ಪ್ರಶ್ನೆ)

ರಷ್ಯನ್ ಸಂಗೀತಕಾರ ಮುಸೋರ್ಗ್ಸ್ಕಿಯ 'ಬೋರಿಸ್ ಗೊದುನೋವ್' ಒಪೆರಾದ ಎರಡು ಧ್ವನಿಮುದ್ರಣ ಕೈಯಲ್ಲಿವೆ. ಒಂದು 1962ರದ್ದು, ಆಂದ್ರೆ ಕ್ಲುಯ್ತಾನ್ಸ್ ನಿರ್ದೇಶನ, ಬೋರಿಸ್ ಆಗಿ ಬೋರಿಸ್ ಕ್ರಿಸ್ತೋಫ್. ಇನ್ನೊಂದು ಗೆರ್ಗಿಯೇವ್ ಅವರ 1997ರ ಐದು ಸಿಡಿಗಳ ಸೆಟ್. ಲಿಬ್ರೆಟೋ (ಒಪೆರಾದ ಪಠ್ಯ) ಇಟ್ಟುಕೊಂಡು ಕೇಳಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಕ್ಲುಯ್ತಾನ್ಸ್ ಮುದ್ರಣ ತ್ಸಾರ್ ಸತ್ತಾಗ ಮುಗಿಯುತ್ತೆ. ಗೆರ್ಗಿಯೇವ್ ಸೆಟ್ಟಿನಲ್ಲಿ ಒಮ್ಮೆ ಸಾವಿನಲ್ಲಿ, ಇನ್ನೊಮ್ಮೆ ಕಾಡಿನ ದೃಶ್ಯದ ಮರುಳನ ಹಾಡಿನಲ್ಲಿ ಮುಗಿಯುತ್ತೆ. ಸಂತ ಬಸೀಲನ ಚರ್ಚಿನ ಮುಂದಿನ ದೃಶ್ಯ ಒಂದರಲ್ಲಿದೆ, ಉಳಿದವುಗಳಲ್ಲಿ ಇಲ್ಲ. ಇನ್ನೊಂದು ಗೊಂದಲ: 1962ರದ್ದರಲ್ಲಿ ತ್ಸಾರ್ ಬೋರಿಸ್, ಮುದಿ ಸನ್ಯಾಸಿ ಪೀಮೆನ್, ಕುಡುಕ ಸನ್ಯಾಸಿ ವರ್ಲಾಮ್ ಮೂವರ ಕಂಠವೂ ಒಂದೇ ಥರ ಕೇಳಿಸುತ್ತಿದೆ. ಮುದ್ರಣದ ದೋಷವೇ?

ಜೊತೆಗೆ, ಎರಡನೇ ಅಂಕದಲ್ಲಿ ಬೋರಿಸ್ ಹಾಡುವ ಸ್ವಗತವನ್ನು ಕನ್ನಡ ಮನೆಮಾತಿನ ಬಾಸ್ (ಅತಿ ಕೆಳದನಿಯ ಪುರುಷಕಂಠ) ಗಾಯಕರೊಬ್ಬರು ಕಲಿಯಬೇಕೆಂದಿದ್ದಾರೆ. ಉಚ್ಚಾರದಲ್ಲಿ ಎಲ್ಲಿ ಎಡವುತ್ತಾರೆ ಎಂದು ತಿಳಿದವರು ಹೇಳಿದರೆ ಉಪಕಾರ.

ನೇವಾದಂಡೆ

ದೋಷ ಯಾವುದೂ ಇಲ್ಲ. ನಿಮ್ಮ ಹತ್ತಿರ ಇರುವುದು ಎರಡಲ್ಲ, ಮೂರು ಬೇರೆಬೇರೆ ಬೋರಿಸ್. ಯಾವುದು ಕೈಯಲ್ಲಿದೆ ಎಂದು ಗೊತ್ತಾಗುವವರೆಗೆ ಲಿಬ್ರೆಟೋ ತೆರೆಯಲೇಬೇಡಿ.

ಮೊದಲನೆಯದು 1869ರದ್ದು. ಏಳೇ ದೃಶ್ಯ: ನೊವೊದೆವಿಚಿ ಮಠದ ಅಂಗಳ, ಪಟ್ಟಾಭಿಷೇಕ, ಚೂದೊವ್ ಮಠದಲ್ಲಿ ಪೀಮೆನ್‌ನ ಕೋಣೆ, ಲಿಥುವೇನಿಯಾ ಗಡಿಯ ಹೆಂಡದಂಗಡಿ, ಕ್ರೆಮ್ಲಿನ್‌ನಲ್ಲಿ ತ್ಸಾರನ ಒಳಮನೆ, ಸಂತ ಬಸೀಲನ ಚರ್ಚಿನ ಮುಂದಿನ ಚೌಕ, ಕೊನೆಗೆ ಬೊಯಾರರ (ರಷ್ಯದ ಪ್ರಭುಗಳ) ಸಭೆಯಲ್ಲಿ ಬೋರಿಸ್‌ನ ಸಾವು. ಮಧ್ಯಂತರ ಬಿಟ್ಟು ಸುಮಾರು ಎರಡೂಕಾಲು ಗಂಟೆ. ಚಕ್ರಾಧಿಪತ್ಯದ ನಾಟಕಶಾಲೆಗಳ ಆಡಳಿತ 1871ರಲ್ಲಿ ಇದನ್ನು ತಿರಸ್ಕರಿಸಿತು. ದೊಡ್ಡ ಸ್ತ್ರೀಪಾತ್ರ ಇಲ್ಲ ಎಂಬುದು ಮುಖ್ಯ ಆಕ್ಷೇಪ.

ಮುಸೋರ್ಗ್ಸ್ಕಿ 1872ರ ಹೊತ್ತಿಗೆ ಅದನ್ನು ತಿದ್ದಿ ಬರೆದರು. ನಾಯಕಿಯೊಬ್ಬಳನ್ನು ತಂದು ತುರುಕಿ ಕೈತೊಳೆದುಕೊಂಡರು ಅನ್ನುವ ಮಾತು ಅಲ್ಲಲ್ಲಿ ಕಾಣುತ್ತೆ, ಅದು ತಪ್ಪು. ಮರೀನಾಳ ಪೋಲೆಂಡ್ ಅಂಕ ಹೊಸದಾಗಿ ಬಂತು, ನಿಜ. ಆದರೆ ಯಾರೂ ಕೇಳದೆಯೇ ಒಳಮನೆಯ ದೃಶ್ಯವನ್ನು ಹೆಚ್ಚುಕಡಿಮೆ ಹೊಸದಾಗಿಯೇ ರಚಿಸಿದರು. ಬಸೀಲನ ದೃಶ್ಯ ತೆಗೆದು ಅದರ ಜಾಗಕ್ಕೆ ಕ್ರೋಮಿ ಕಾಡಿನ ದಂಗೆ ತಂದರು, ಅದನ್ನು ಬೋರಿಸ್‌ನ ಸಾವಿನ ನಂತರ ಇಟ್ಟರು. ಹಾಗಾಗಿ ಕೊನೆಯ ಮಾತು ತ್ಸಾರನದಲ್ಲ, ಮರುಳನದು. ಮಾರಿನ್‌ಸ್ಕಿ ರಂಗಮಂದಿರದಲ್ಲಿ 1874ರಲ್ಲಿ ಮೊದಲ ಪ್ರದರ್ಶನ ಕಂಡದ್ದು ಈ ರೂಪ, ಅದೂ ಕತ್ತರಿ ಬಿದ್ದು. ನಿರ್ದೇಶನ ನಾಪ್ರಾವ್ನಿಕ್, ಬೋರಿಸ್ ಇವಾನ್ ಮೆಲ್ನಿಕೋವ್, ವರ್ಲಾಮ್ ಹಿರಿಯ ಬಾಸ್ ಓಸಿಪ್ ಪೆತ್ರೋವ್.

ಮೂರನೆಯದು ಮುಸೋರ್ಗ್ಸ್ಕಿಯ ಗೆಳೆಯ, ಸಂಗೀತಕಾರ ರಿಮ್ಸ್ಕಿ-ಕೋರ್ಸಕೋವ್ ಕೈಯಾಡಿಸಿದ್ದು. 1896ರಲ್ಲಿ ಒಮ್ಮೆ, 1908ರಲ್ಲಿ ಇನ್ನೊಮ್ಮೆ. ವಾದ್ಯಸಂಯೋಜನೆ ಮಾತ್ರವಲ್ಲ, ಸ್ವರಮೇಳ, ಶ್ರುತಿ, ಲಯ ಎಲ್ಲದರಲ್ಲೂ ತಿದ್ದುಪಡಿ ಇದೆ. ಕ್ರೋಮಿಯನ್ನು ಮುಂದಕ್ಕೆ ತಂದು ಸಾವನ್ನು ಕೊನೆಗೆ ಇಟ್ಟವರು ಇವರೇ. ಕಲಾಸಂಘಟಕ ದಿಯಾಗಿಲೆವ್ 1908ರಲ್ಲಿ ಪ್ಯಾರಿಸ್‌ಗೆ ಒಯ್ದದ್ದು, ಬಾಸ್ ಗಾಯಕ ಶಾಲಿಯಾಪಿನ್ ಪ್ರಪಂಚಕ್ಕೆ ಪರಿಚಯಿಸಿದ್ದು ಈ ರೂಪ. ನಿಮ್ಮ 1962ರ ಮುದ್ರಣ ಇದೇ. ಗೆರ್ಗಿಯೇವ್ ಸೆಟ್ಟಿನಲ್ಲಿ 1869 ಮತ್ತು 1872 ಎರಡೂ ಪೂರ್ತಿ ಇವೆ. ಮೊದಲನೆಯದರಲ್ಲಿ ಬೋರಿಸ್ ನಿಕೊಲಾಯ್ ಪುತೀಲಿನ್, ಎರಡನೆಯದರಲ್ಲಿ ವ್ಲದಿಮಿರ್ ವನೇಯೆವ್.

ಹೊದಿಕೆಯ ಮೇಲೆ ಏನೂ ಬರೆದಿಲ್ಲದಿದ್ದರೂ ಕಿವಿಯಿಂದಲೇ ಪತ್ತೆ ಹಚ್ಚಬಹುದು. ಹೆಂಡದಂಗಡಿ ದೃಶ್ಯದ ಆರಂಭಕ್ಕೆ ಹೋಗಿ. ಅಂಗಡಿಯವಳು ಗಂಡು ಬಾತುಕೋಳಿ ಹಿಡಿದ ಹಾಡು ಹಾಡಿದರೆ ಅದು 1869ರದ್ದಲ್ಲ. ಒಳಮನೆಯ ದೃಶ್ಯದಲ್ಲಿ ಗಿಳಿಯ ಕಥೆ, ಚಪ್ಪಾಳೆ ಆಟ, ಗಂಟೆ ಬಾರಿಸುವ ಗಡಿಯಾರ ಬಂದರೆ ಅದೂ ನಂತರದ್ದೇ. ಇನ್ನು 1872 ಮತ್ತು ರಿಮ್ಸ್ಕಿ ನಡುವಿನ ವ್ಯತ್ಯಾಸಕ್ಕೆ ಕೊನೆಯ ದೃಶ್ಯ ನೋಡಿದರೆ ಸಾಕು. ವಾದ್ಯಗಳ ಬಣ್ಣವೂ ಹೇಳುತ್ತೆ. ರಿಮ್ಸ್ಕಿ ಹೊಳೆಯುತ್ತಾರೆ, ಮುಸೋರ್ಗ್ಸ್ಕಿ ಮಬ್ಬಾಗಿ, ಒರಟಾಗಿ, ಮಾತಿಗೆ ಅಂಟಿಕೊಂಡೇ ನಡೆಯುತ್ತಾರೆ. ಆ ಮಬ್ಬು ಕೊರತೆಯಲ್ಲ, ಬೇಕೆಂದೇ ಇಟ್ಟದ್ದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಶೊಸ್ತಕೊವಿಚ್ 1939–40ರಲ್ಲಿ ಮಾಡಿದ ವಾದ್ಯಸಂಯೋಜನೆ ಒಂದಿದೆ, ರಂಗಕ್ಕೆ ಬಂದದ್ದು 1959ರಲ್ಲಿ. ಸದ್ಯಕ್ಕೆ ಅದನ್ನು ಬದಿಗಿಡಿ.

ಘಂಟಾಘೋಷ

ನೇವಾದಂಡೆ ಅವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಬಸೀಲನ ಚರ್ಚು, ಕ್ರೋಮಿ ಕಾಡು ಎರಡನ್ನೂ ಒಂದೇ ಪ್ರದರ್ಶನದಲ್ಲಿ ಇಡುವ ಆಸೆ ರಂಗಮಂದಿರಗಳಿಗೆ ಆಗಾಗ ಬರುತ್ತೆ. ಅಲ್ಲಿ ಒಂದು ಬಲೆ ಇದೆ. ಹುಡುಗರು ಮರುಳನನ್ನು ಕಾಡಿ ಅವನ ಕೊಪೆಕ್ ನಾಣ್ಯ ಕಸಿಯುವ ಪ್ರಸಂಗ ಮೊದಲು ಇದ್ದದ್ದು ಬಸೀಲನ ದೃಶ್ಯದಲ್ಲಿ. ಆ ದೃಶ್ಯ ಕೈಬಿಟ್ಟಾಗ ಮುಸೋರ್ಗ್ಸ್ಕಿ ಅದನ್ನು ಎತ್ತಿ ಕ್ರೋಮಿಗೆ ಇಟ್ಟರು. ಎರಡೂ ದೃಶ್ಯ ಆಡಿದರೆ ಅದೇ ಹುಡುಗರು ಅದೇ ನಾಣ್ಯವನ್ನು ಎರಡು ಸಲ ಕದಿಯುತ್ತಾರೆ, ಅದೇ ಹಾಡು ಎರಡು ಸಲ ಬರುತ್ತೆ. ಕತ್ತರಿಸಲೇಬೇಕು. ಕ್ರೋಮಿಯಲ್ಲಿ ಕತ್ತರಿಸುವುದೇ ಮೇಲು. ಏಕೆಂದರೆ ಬಸೀಲನ ದೃಶ್ಯದಲ್ಲಿ ಆ ನಾಣ್ಯದ ಗೋಳಿನಿಂದಲೇ ಮುಂದಿನ ಮಾತು ಹುಟ್ಟುತ್ತೆ: ನೀನು ಪುಟ್ಟ ತ್ಸಾರೆವಿಚ್‌ನನ್ನು (ದೊರೆಮಗ ದಿಮಿತ್ರಿಯನ್ನು) ಕೊಯ್ದ ಹಾಗೆ ಇವರನ್ನೂ ಕೊಯ್ಯಿಸು ಎಂದು ಮರುಳ ಬೋರಿಸ್‌ನ ಮುಖಕ್ಕೇ ಹೇಳುತ್ತಾನೆ. ಇಡೀ ಒಪೆರಾದಲ್ಲಿ ತ್ಸಾರ್‌ಗೆ ಎದುರು ನಿಂತು ಸತ್ಯ ನುಡಿಯುವವನು ಇವನೊಬ್ಬನೇ. ಅಂದಹಾಗೆ ಮರುಳನಿಗೆ ರಷ್ಯನ್‌ನಲ್ಲಿರುವ 'ಯುರೋದಿವಿ' ಪದಕ್ಕೆ ಹುಚ್ಚ ಎಂಬ ಅನುವಾದ ಸಾಲದು. ಮರುಳಶಂಕರದೇವರ ಹೆಸರಿನಲ್ಲಿರುವ 'ಮರುಳ' ಅನ್ನುತ್ತೀವಲ್ಲ, ಅದು ಹತ್ತಿರ.

ಸೋವಿಯತ್ ಕಾಲದಲ್ಲಿ ಮಾಸ್ಕೋದ ಬೊಲ್ಶೋಯ್ ರಂಗಮಂದಿರದವರು ಮಾಡಿದ ಮುದ್ರಣಗಳಲ್ಲಿ ಬಸೀಲನ ದೃಶ್ಯ ರಿಮ್ಸ್ಕಿ ರೂಪದ ಒಳಗೇ ಕೇಳಿಸುತ್ತೆ. ಅದಕ್ಕೆ 1920ರ ದಶಕದಲ್ಲಿ ವಾದ್ಯ ಜೋಡಿಸಿದವರು ಇಪ್ಪೊಲಿತೊವ್-ಇವಾನೊವ್. ಮರುಳನ ಪಾತ್ರದಲ್ಲಿ ಇವಾನ್ ಕೊಝ್ಲೋವ್ಸ್ಕಿಯನ್ನು ಕೇಳಲೇಬೇಕು. ಪಾತ್ರ ಕೆಲವೇ ನಿಮಿಷದ್ದು. ಅರ್ಧ ಸ್ವರದ ಆ ನಿಟ್ಟುಸಿರನ್ನು ಅವರು ತುಸುವೂ ಒತ್ತದೆ ಬಿಡುತ್ತಾರೆ. 1954ರ ವೇರಾ ಸ್ತ್ರೋಯೆವಾ ಚಿತ್ರದಲ್ಲಿ ಅವರನ್ನು ನೋಡಲೂಬಹುದು, ಬೋರಿಸ್ ಅಲೆಕ್ಸಾಂದರ್ ಪಿರಗೋವ್. ಚಿತ್ರಕ್ಕೆ ಕತ್ತರಿ ಬಹಳ ಬಿದ್ದಿದೆ, ಲಿಬ್ರೆಟೋ ಹಿಡಿದು ಕೂರಬೇಡಿ.

ನಿಮ್ಮ ಮೂರು ಕಂಠದ ಪ್ರಶ್ನೆಗೆ: ಅದು ಮೂವರಲ್ಲ, ಒಬ್ಬರೇ. ಕ್ರಿಸ್ತೋಫ್ 1952ರ ಡೊಬ್ರೊವೆನ್ ಮುದ್ರಣದಲ್ಲೂ 1962ರಲ್ಲೂ ಬೋರಿಸ್, ಪೀಮೆನ್, ವರ್ಲಾಮ್ ಮೂರನ್ನೂ ಹಾಡಿದ್ದಾರೆ. ಸ್ಟುಡಿಯೋದಲ್ಲಿ ಮಾತ್ರ ಸಾಧ್ಯ, ಏಕೆಂದರೆ ಸಾವಿನ ದೃಶ್ಯದಲ್ಲಿ ಪೀಮೆನ್, ಬೋರಿಸ್ ಎದುರುಬದುರು ಇರುತ್ತಾರೆ. ಸಾಹಸ ದೊಡ್ಡದು, ಆದರೆ ಮೊದಲ ಸಲ ಕೇಳುವವರಿಗೆ ಒಳ್ಳೆಯದಲ್ಲ. ಆ ದೃಶ್ಯದ ಜೀವ ಇರುವುದೇ ಎರಡು ಬಾಸ್‌ಗಳ ಅಂತರದಲ್ಲಿ. ಪೀಮೆನ್‌ನದು ಏರಿಳಿತವಿಲ್ಲದ ಉದ್ದನೆಯ ಎಳೆ. ದಿಮಿತ್ರಿಯ ಸಮಾಧಿಯ ಬಳಿ ಕುರುಡು ಕುರುಬನಿಗೆ ಕಣ್ಣು ಬಂದ ಕಥೆಯನ್ನು ಅವನು ಅವಸರವಿಲ್ಲದೆ ಹೇಳುತ್ತಾ ಹೋಗುತ್ತಾನೆ, ಬೋರಿಸ್ ಅಷ್ಟಷ್ಟೇ ಕುಸಿಯುತ್ತಾನೆ. ವರ್ಲಾಮ್‌ನಿಗೆ ಬೇಕಾದದ್ದು ಇನ್ನೊಂದೇ ಥರದ ಗಂಟಲು. ಕಜಾನ್ ಮುತ್ತಿಗೆಯ ಹಾಡಿನಲ್ಲಿ ದನಿಯ ಚಂದಕ್ಕಿಂತ ಪದಗಳ ಹೊಡೆತ ಮುಖ್ಯ.

ಬೋರಿಸ್ ಪಾತ್ರ ಹೆಸರಿಗೆ ದೊಡ್ಡದು, ರಂಗದ ಮೇಲಿನ ಹೊತ್ತು ಕಡಿಮೆ. ಪಟ್ಟಾಭಿಷೇಕ, ಒಳಮನೆ, ಸಾವು, 1869ರಲ್ಲಾದರೆ ಬಸೀಲನ ಚೌಕವೂ ಸೇರಿ, ಅಷ್ಟೇ. ಇಡೀ ಸಂಜೆ ರಂಗ ತುಂಬುವುದು ಕೋರಸ್. ಪಾತ್ರದ ಎತ್ತರವೂ ಶುದ್ಧ ಬಾಸ್‌ಗೆ ತುಸು ಮೇಲೆಯೇ ಇದೆ. ಮೊದಲ ಬೋರಿಸ್ ಮೆಲ್ನಿಕೋವ್ ಬ್ಯಾರಿಟೋನ್ (ಬಾಸ್‌ಗಿಂತ ಮೇಲಿನ ಪುರುಷಕಂಠ) ಆಗಿದ್ದರು ಎಂಬುದನ್ನು ಮರೆಯಬಾರದು. ಕೆಳಗಿನ ಸ್ವರಗಳ ಗಾಂಭೀರ್ಯ ನಂಬಿ ಬಂದವರಿಗೆ ಒಳಮನೆಯ ಕೊನೆಯಲ್ಲಿ ಮೇಲೆ ಉಸಿರು ಸಾಲದು. ಆಗ ಅವರು ಕೂಗಿ ಮುಚ್ಚಿಕೊಳ್ಳುತ್ತಾರೆ. ಈ ಕೂಗು, ಗೊಗ್ಗರು, ನೆಲಕ್ಕೆ ಬೀಳುವ ಸದ್ದು ಶಾಲಿಯಾಪಿನ್‌ರ ಅನುಕರಣೆಯಾಗಿ ಬೆಳೆದವು. 1928ರ ಕೋವೆಂಟ್ ಗಾರ್ಡನ್ ಪ್ರದರ್ಶನದ ಮುದ್ರಣ ಕೇಳಿ: ಅವರು ಮಾತಿಗೆ ಇಳಿದಾಗಲೂ ಲಯ ಕೈಯಲ್ಲೇ ಇರುತ್ತೆ. ಅನುಕರಿಸುವವರು ಮಾತನ್ನು ಹಿಡಿದರು, ಲಯ ಬಿಟ್ಟರು.

ಪಟ್ಟಾಭಿಷೇಕದ ಗಂಟೆಗಳ ಬಗ್ಗೆ ಎರಡು ಮಾತು. ಇಡೀ ನಾದ ಎರಡೇ ಸ್ವರಗುಚ್ಛಗಳ ತೂಗಾಟ: ಎ-ಫ್ಲಾಟ್ ಸೆವೆಂತ್, ಡಿ ಸೆವೆಂತ್. ಇವುಗಳ ಮೂಲಸ್ವರಗಳ ನಡುವೆ ಷಡ್ಜದಿಂದ ಪ್ರತಿಮಧ್ಯಮದಷ್ಟು ದೂರ. ಆದರೂ ಸಿ, ಎಫ್-ಶಾರ್ಪ್ ಎರಡು ಸ್ವರ ಎರಡಕ್ಕೂ ಸಮಾನ. ಹಾಗಾಗಿ ಅದು ಎಲ್ಲಿಗೂ ಹೋಗುವುದಿಲ್ಲ, ನಿಂತಲ್ಲೇ ತೂಗುತ್ತೆ. ನಿಜವಾದ ಗಂಟೆಗಳನ್ನು ರಂಗದ ಹಿಂದೆ ಇಟ್ಟರೆ ಸದ್ದು ತಡವಾಗಿ ಬರುತ್ತೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ 30 ಮೀಟರ್ ದೂರಕ್ಕೆ 0.09 ಸೆಕೆಂಡ್. ಕಿವಿಗೆ ಚೆನ್ನಾಗಿಯೇ ಗೊತ್ತಾಗುವಷ್ಟು. ಹಿಂದಿರುವವರು ಪರದೆಯಲ್ಲಿ ನಿರ್ದೇಶಕರ ಕೈ ನೋಡಿ, ಕಿವಿಗೆ ಕೇಳಿದ್ದನ್ನು ನಂಬದೆ, ಕೂದಲೆಳೆಯಷ್ಟು ಮುಂಚೆ ಹೊಡೆಯಬೇಕು.

ಮಂದ್ರಪ್ರಿಯ

ಬಹಳ ಉಪಕಾರವಾಯಿತು. ಹಾಗಾದರೆ ಯಾವುದರಿಂದ ಶುರು ಮಾಡಲಿ?

ನೇವಾದಂಡೆ

1869. ಏಳು ದೃಶ್ಯ, ಒಂದೇ ಓಟ. ದೊಡ್ಡ ರಂಗಮಂದಿರಗಳೂ ಈಗ ಅತ್ತ ವಾಲಿವೆ: ಕೋವೆಂಟ್ ಗಾರ್ಡನ್ 2016ರಲ್ಲಿ ಬ್ರಿನ್ ಟರ್ಫೆಲ್ ಜೊತೆ, ಮೆಟ್ರೊಪಾಲಿಟನ್ 2021ರಲ್ಲಿ ರೆನೆ ಪಾಪೆ ಜೊತೆ, ಲಾ ಸ್ಕಾಲಾ 2022ರ ಡಿಸೆಂಬರ್ 7ರ ಆರಂಭದ ರಾತ್ರಿಗೆ ಇಲ್ದಾರ್ ಅಬ್ದ್ರಜಾಕೋವ್ ಜೊತೆ ಇದನ್ನೇ ಆಡಿಸಿದವು. ಆಮೇಲೆ 1872. ಒಳಮನೆಯ ದೃಶ್ಯವನ್ನು ಎರಡರಲ್ಲೂ ಬೆನ್ನುಬೆನ್ನಿಗೆ ಕೇಳಿ. ಸ್ವಗತದ ಮೊದಲ ಸಾಲು ಒಂದೇ, ಮುಂದೆ ದಾರಿ ಬೇರೆ. ಕಲಿಯುವವರು ಸ್ವರಲಿಪಿ ಕೊಳ್ಳುವ ಮುಂಚೆ ಇದನ್ನೇ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಹಳೆಯ ಬಾಸ್ ಸಂಕಲನಗಳಲ್ಲಿ ಸಾಮಾನ್ಯವಾಗಿ ಇರುವುದು ರಿಮ್ಸ್ಕಿ ರೂಪ. ಪಿಯಾನೋದವರ ಬಳಿ ಒಂದು, ಗಾಯಕರ ಬಳಿ ಇನ್ನೊಂದು ಇದ್ದರೆ ಅಭ್ಯಾಸ ಮೊದಲ ಪುಟ ದಾಟುವುದಿಲ್ಲ.

ತುಳುನಾಡಿನವಳು

ಉಚ್ಚಾರದ ಬಗ್ಗೆ ನಾನು ಹೇಳುತ್ತೇನೆ. ಕನ್ನಡ ನಾಲಿಗೆಗೆ ಅನುಕೂಲವೂ ಇದೆ, ಅಪಾಯವೂ ಇದೆ.

ಮೊದಲು ಹೆಸರು. ಬರೆಯುವುದು ಬೋರಿಸ್ ಗೊದುನೋವ್, ನುಡಿಯುವುದು 'ಬರೀಸ್ ಗದುನೋಫ್'. ಒತ್ತು ಬೀಳದ 'ಒ' ರಷ್ಯನ್‌ನಲ್ಲಿ 'ಅ' ಆಗುತ್ತೆ, ಪದದ ಕೊನೆಯ ಘೋಷ ವ್ಯಂಜನ ಅಘೋಷವಾಗುತ್ತೆ. ಸ್ವಗತದ ಮೊದಲ ಸಾಲೂ ಹಾಗೆಯೇ: 'ದಸ್ತೀಕ್ ಯಾ ವೀಷ್ಷೆಯ್ ವ್ಲಾಸ್ತಿ', ಅತ್ಯುನ್ನತ ಅಧಿಕಾರಕ್ಕೆ ಬಂದೆ. ಪಟ್ಟಾಭಿಷೇಕದ 'ಸ್ಕೋರ್ಬಿತ್ ದುಷಾ', ಆತ್ಮ ನೋಯುತ್ತಿದೆ ಎಂಬ ಸಾಲು 'ಸ್ಕರ್ಬೀದ್ದುಷಾ' ಎಂದು ಕೇಳಿಸಬೇಕು. ಮುಂದಿನ 'ದ' ಹಿಂದಿನ 'ತ್'ಅನ್ನು ತನ್ನ ಕಡೆ ಎಳೆದುಕೊಳ್ಳುತ್ತೆ. ಸಂಧಿ ಓದಿದವರಿಗೆ, ಜಶ್ತ್ವ ನೆನಪಿರುವವರಿಗೆ, ಇದು ಹೊಸದೇನಲ್ಲ.

ಅನುಕೂಲಗಳು: ನಮ್ಮ ದಂತ್ಯ ತ, ದ ಹಾಗೆಯೇ ಸಲ್ಲುತ್ತವೆ. ಇಂಗ್ಲಿಷ್ ಹಾಡುಗಾರಿಕೆ ಕಲಿತವರು ಟ, ಡ ಕಡೆ ಜಾರುತ್ತಾರೆ, ಅದನ್ನು ತಡೆಯಬೇಕು. 'ದುಷಾ'ದಲ್ಲಿರುವುದು ಷಣ್ಮುಖದ ಷ, ಶಂಕರನ ಶ ಅಲ್ಲ. ಮಾತಿನಲ್ಲಿ ನಾವು ಇವೆರಡನ್ನೂ ಕಲಸಿಬಿಟ್ಟಿದ್ದೇವೆ, ಇಲ್ಲಿ ಬೇರ್ಪಡಿಸಲೇಬೇಕು. ಸಾವಿನ ದೃಶ್ಯದ 'ಪ್ರಶ್ಶಾಯ್'ನಲ್ಲಿ, ವಿದಾಯ ಎಂದು ಅರ್ಥ, ಬರುವುದು ಉದ್ದನೆಯ ಮೃದು ಶ.

ತೊಡಕು 'ವೀಷ್ಷೆಯ್' ಪದದ ಮೊದಲ ಸ್ವರ. ನಾನು ಈ ಎಂದು ಬರೆದಿದ್ದೇನೆ, ಅದು ಈ ಅಲ್ಲ. ನಾಲಿಗೆ ಹಿಂದಕ್ಕೆ, ಉ ಹೇಳುವ ಕಡೆಗೆ, ತುಟಿ ಮಾತ್ರ ದುಂಡಾಗಬಾರದು. ತುಳು ಬಲ್ಲವರು ಪದದ ಕೊನೆಯಲ್ಲಿ ನುಡಿಯುವ ಅರ್ಧ ಉಕಾರವನ್ನು ನೆನೆಸಿಕೊಳ್ಳಿ, ಅದನ್ನೇ ತುಸು ಮುಂದೆ ತಂದು ಉದ್ದ ಮಾಡಿ. ಕೊಡವ ತಕ್ಕ್ ಮಾತಾಡುವವರಿಗೂ ಹತ್ತಿರದ ಸ್ವರ ಇದೆ. ಬರೀ ಕನ್ನಡದವರು 'ಉ' ಹಿಡಿದು ನಿಲ್ಲಿಸಿ, ಸ್ವರ ನಿಲ್ಲದಂತೆ, ನಿಧಾನಕ್ಕೆ ತುಟಿ ಅಗಲಿಸಬೇಕು. ದವಡೆ ಅಲುಗಿದರೆ ತಪ್ಪಿತು ಎಂದೇ ಲೆಕ್ಕ.

'ವ್ಲಾಸ್ತಿ'ಯ ಲ ಗಟ್ಟಿ ಲ. ಗಟ್ಟಿ ಎಂದ ಕೂಡಲೇ ನಮ್ಮವರು ಳ ಹಾಕುತ್ತಾರೆ. ಬೇಡ. ಳಕ್ಕೆ ನಾಲಿಗೆಯ ತುದಿ ಮೇಲಕ್ಕೆ ಮಡಚುತ್ತೆ, ಇಲ್ಲಿ ತುದಿ ಹಲ್ಲಿಗೆ ಅಂಟಿರಬೇಕು, ನಾಲಿಗೆಯ ಬುಡ ಏಳಬೇಕು. ಅದೇ ಪದದ ಕೊನೆಯ 'ತಿ' ಮೃದು: ತ್ಯಿ ಎಂದು ಯಕಾರ ಬಿಡಿಸಿ ಹೇಳದೆ, ತಕಾರ ನುಡಿಯುವಾಗಲೇ ನಾಲಿಗೆಯ ನಡು ಅಂಗುಳಕ್ಕೆ ಏರಿರಬೇಕು. ವ ಕೂಡ ನಮ್ಮದಕ್ಕಿಂತ ಬಿಗಿ, ಮೇಲಿನ ಹಲ್ಲು ಕೆಳದುಟಿಗೆ ತಾಗಿ ಸದ್ದು ಬರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಪದಾಂತ್ಯದ ಉ. ಬಸ್ಸು, ಕಾರು ಎನ್ನುವ ನಾಲಿಗೆ ನಮ್ಮದು. 'ದಸ್ತೀಕ್' ಎಂಬುದು ಗೊತ್ತಿಲ್ಲದೆಯೇ 'ದಸ್ತೀಕು' ಆಗುತ್ತೆ. ಮುಸೋರ್ಗ್ಸ್ಕಿ ಮಾತಿನ ಲಯಕ್ಕೆ ಸರಿಯಾಗಿ ಸ್ವರ ಅಳೆದು ಇಟ್ಟವರು, ಒಂದು ಉ ಹೆಚ್ಚಾದರೆ ಮುಂದಿನ ಪದ ತಾಳ ತಪ್ಪುತ್ತೆ. ಅಭ್ಯಾಸಕ್ಕೆ ಒಂದು ದಾರಿ: ಮೊದಲ ವಾರ ಹಾಡಲೇಬೇಡಿ. ಸ್ವರಲಿಪಿಯ ಕಾಲಪ್ರಮಾಣಕ್ಕೆ ಸರಿಯಾಗಿ, ನಿಲುಗಡೆಗಳನ್ನೂ ಎಣಿಸಿ, ಬರೀ ಮಾತಾಗಿ ಹೇಳಿ. ಎರಡನೇ ವಾರ ಒಂದೇ ಶ್ರುತಿಯಲ್ಲಿ, ಸುಮಾರು ಡಿ ಸ್ವರದಲ್ಲಿ. ಮೂರನೇ ವಾರದಿಂದ ನಿಜವಾದ ಸ್ವರ. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಗಟ್ಟಿ ಲ, ಹಿಂದಿನ ಸ್ವರ ಎರಡೂ ನಾಲಿಗೆಯ ಬುಡವನ್ನು ದಣಿಸುತ್ತವೆ, ದಣಿದ ಬುಡ ಗಂಟಲನ್ನು ಕೆಳಗೆ ಒತ್ತಿದರೆ ದನಿ ಮಂಕಾಗುತ್ತೆ. ಹಾಗೆ ಮಂಕಾದ ದನಿಯನ್ನೇ ರಷ್ಯನ್ ಬಾಸ್ ಎಂದು ತಿಳಿಯುವವರಿದ್ದಾರೆ. ಮಾರ್ಕ್ ರೈಜೆನ್ ಹಾಡಿದ್ದನ್ನು ಕೇಳಿಸಿ. 1985ರಲ್ಲಿ, ತಮ್ಮ 90ನೇ ಹುಟ್ಟುಹಬ್ಬದಂದು, ಬೊಲ್ಶೋಯ್ ವೇದಿಕೆಯಲ್ಲಿ 'ಯೆವ್ಗೇನಿ ಒನೇಗಿನ್' ಒಪೆರಾದ ಗ್ರೇಮಿನ್ ಪಾತ್ರ ಹಾಡಿದವರು ಅವರು. ಎಷ್ಟು ಕೆಳಗೆ ಇಳಿದರೂ ದನಿ ಮುಂದೆಯೇ, ಹಲ್ಲಿನ ಹಿಂದೆಯೇ ನಿಂತಿರುತ್ತೆ.

ಮಂದ್ರಪ್ರಿಯ

ಗಾಯಕರ ಬಳಿ ಇರುವ ಸ್ವರಲಿಪಿ ರಿಮ್ಸ್ಕಿಯದ್ದೇ ಎಂದು ಈಗ ತಿಳಿಯಿತು. ಅದರಿಂದಲೇ ಕಲಿತು ಆಮೇಲೆ 1872ಕ್ಕೆ ಬದಲಿಸಬಹುದೇ?

ತುಳುನಾಡಿನವಳು

ಬೇಡ ಸರ್. ರಿಮ್ಸ್ಕಿ ಮೂಲವನ್ನು ಅಲ್ಲಲ್ಲಿ ತಿದ್ದಿದ್ದಾರೆ, ಒಮ್ಮೆ ಬಾಯಿಗೆ ಕೂತದ್ದು ಬಿಡಿಸುವುದು ಕಷ್ಟ. ಡೇವಿಡ್ ಲಾಯ್ಡ್-ಜೋನ್ಸ್ 1975ರಲ್ಲಿ ಸಂಪಾದಿಸಿದ ಮೂಲ ರೂಪದ ಆವೃತ್ತಿ ಇದೆ, ಅದನ್ನೇ ಹುಡುಕಿಸಿ. ಸಿಗುವವರೆಗೆ ಪದಗಳ ಅಭ್ಯಾಸ ಸಾಗಲಿ. ಆದರೆ ಒಪೆರಾದ ಪಠ್ಯವನ್ನೂ ರಿಮ್ಸ್ಕಿಯ ಪುಟದಿಂದ ಎತ್ತಿಕೊಳ್ಳಬೇಡಿ, ನಿಮ್ಮ ಗೆರ್ಗಿಯೇವ್ ಸೆಟ್ಟಿನ ಪುಸ್ತಿಕೆಯಲ್ಲಿ 1872ರ ಭಾಗ ನೋಡಿ ಬರೆದುಕೊಳ್ಳಿ.