ಸೊಂಟದೆತ್ತರದ ಆನೆ: ದ್ವೀಪದಲ್ಲಿ ಇಷ್ಟು ಚಿಕ್ಕದಾದದ್ದು ಹೇಗೆ?

ಕಾವಾಡಿಯ ಮೊಮ್ಮಗಳು:
ನಮ್ಮಜ್ಜ ಮತ್ತಿಗೋಡು ಆನೆ ಶಿಬಿರದಲ್ಲಿ ಕಾವಾಡಿಯಾಗಿದ್ದರು. ಬೇಸಿಗೆ ರಜೆ ಬಂತೆಂದರೆ ನಾನು ಅಲ್ಲೇ. ಕುಸುರೆ ಕಟ್ಟುವುದು, ಹೊಳೆಯಲ್ಲಿ ಆನೆಯನ್ನು ಮಲಗಿಸಿ ತಿಕ್ಕುವುದು ಎಲ್ಲ ನೋಡುತ್ತಲೇ ಬೆಳೆದೆ. ನಿಂತ ಆನೆಯ ಹೊಟ್ಟೆಯಡಿ ತಲೆ ಬಗ್ಗಿಸದೆ ನುಸುಳಿ ಅಜ್ಜನಿಂದ ಬೈಸಿಕೊಂಡದ್ದೂ ಇದೆ.

ಈಗ ಇರುವುದು ಸಿಸಿಲಿಯ ಕತಾನಿಯಾದಲ್ಲಿ. ಹೋದ ಭಾನುವಾರ ಮಗನನ್ನು ಕರೆದುಕೊಂಡು ಸಿರಾಕ್ಯೂಸಾದ ಪಾವೊಲೊ ಓರ್ಸಿ ಮ್ಯೂಸಿಯಮ್ಮಿಗೆ ಹೋಗಿದ್ದೆ. ಹತ್ತಿರದ ಸ್ಪಿನಗಾಲ್ಲೊ ಗುಹೆಯಲ್ಲಿ ಸಿಕ್ಕಿದ ಆನೆಗಳನ್ನು ಅಲ್ಲಿ ತೋರಿಸಿದ್ದಾರೆ. ನೋಡಿದ ಕೂಡಲೇ ಮರಿ ಅಂದುಕೊಂಡೆ. ಪೂರ್ತಿ ಬೆಳೆದ ಆನೆಯಂತೆ! ಗಂಡು ಭುಜದ ಹತ್ತಿರ ಒಂದು ಮೀಟರ್, ಹೆಣ್ಣು ಇನ್ನೂ ಕುಳ್ಳು. ನಮ್ಮಲ್ಲಿ ಹುಟ್ಟಿದ ದಿನದ ಮರಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಅದರ ಮುಂದೆ ತುಂಬಾ ಹೊತ್ತು ನಿಂತೆ. ಅಜ್ಜ ಇದ್ದಿದ್ದರೆ ಏನನ್ನುತ್ತಿದ್ದರೋ.

ತಾಯಿ ಹಾಲು ಸಾಲದ ಮರಿ ಗಿಡ್ಡ ಉಳಿಯುತ್ತದೆ ಅಂತ ಅಜ್ಜ ಹೇಳುತ್ತಿದ್ದರು. ಇವೂ ಹಾಗೆ ಹೊಟ್ಟೆಗಿಲ್ಲದೆ ಕುಗ್ಗಿದವೋ, ತಳಿಯೇ ಬದಲಾದದ್ದೋ? ಮತ್ತೆ, ಇದು ಮರಿಯಲ್ಲ ಅಂತ ಹೇಗೆ ಗೊತ್ತಾಯಿತು? ತಿಳಿದವರು ಬಿಡಿಸಿ ಹೇಳಿ.

ಹೊಸನಗರದವ:
ದ್ವೀಪದಲ್ಲಿ ಮೇವು ಕಡಿಮೆ, ಅದಕ್ಕೇ ಕುಗ್ಗಿರಬೇಕು. ನಮ್ಮ ಮಲೆನಾಡು ಗಿಡ್ಡ ದನಗಳ ಹಾಗೆ.

ಮೂಳೆ ಮೇಷ್ಟ್ರು:
ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಹೊಸನಗರದವರು ಒಳ್ಳೆಯ ಉದಾಹರಣೆ ಕೊಟ್ಟಿದ್ದಾರೆ, ಆದರೆ ಅದು ಹೇಳುವುದು ಬೇರೆ ಮಾತನ್ನು. ಗಿಡ್ಡ ತಳಿಯ ಕರುವನ್ನು ಬಯಲುಸೀಮೆಗೆ ತಂದು ಹಿಂಡಿ, ಹುಲ್ಲು ಬೇಕಾದಷ್ಟು ಹಾಕಿ ನೋಡಿ. ಮೈ ತುಂಬಿಕೊಂಡೀತು, ಹಳ್ಳಿಕಾರ್ ಎತ್ತರಕ್ಕೆ ಮಾತ್ರ ಬೆಳೆಯದು. ಕುಳ್ಳತನ ರಕ್ತದಲ್ಲೇ ಇದೆ. ಸಿಸಿಲಿಯ ಆನೆಯದೂ ಅದೇ ಕತೆ. ಅದರ ಪೂರ್ವಜ ಯುರೋಪಿನ ನೇರದಂತದ ಆನೆ, ಭುಜದ ಎತ್ತರ ನಾಲ್ಕು ಮೀಟರ್ ಹತ್ತಿರ. ದಸರಾ ಆನೆಗಳಿಗಿಂತ ಎಷ್ಟೋ ದೊಡ್ಡದು. ಹಿಮಯುಗದಲ್ಲಿ ಸಮುದ್ರ ತಗ್ಗಿದಾಗ ಇಟಲಿ ಕಡೆಯಿಂದ ದಾಟಿ ಬಂದಿರಬೇಕು. ಆನೆ ಎಂಥ ಈಜುಗಾರ ಅಂತ ಕಬಿನಿ ಹಿನ್ನೀರು ನೋಡಿದವರಿಗೆ ಹೇಳಬೇಕಿಲ್ಲ.

ಬಂದ ಮೇಲೆ ಆದದ್ದೇನು? ದೊಡ್ಡ ಮೈಯಿಂದ ದೊಡ್ಡ ಲಾಭ ಎರಡು: ಹುಲಿ, ಸಿಂಹದಂಥವು ಮರಿತನ ಕಳೆದ ಆನೆಯ ಹತ್ತಿರ ಸುಳಿಯುವುದಿಲ್ಲ, ಮೇವು ಹುಡುಕಿ ಬಹುದೂರ ನಡೆಯಬಹುದು. ದ್ವೀಪದಲ್ಲಿ ಆನೆ ಹಿಡಿಯುವ ಪ್ರಾಣಿಯೇ ಇರಲಿಲ್ಲ, ನಡೆದರೆ ಸಮುದ್ರ ಅಡ್ಡ. ಲಾಭ ಹೋಯಿತು, ಹೊಟ್ಟೆಯ ಖರ್ಚು ಉಳಿಯಿತು. ಬರದ ವರ್ಷ ಮೊದಲು ಸಾಯುವುದು ಹೆಚ್ಚು ತಿನ್ನಬೇಕಾದದ್ದು. ಹುಟ್ಟಿನಿಂದಲೇ ಸ್ವಲ್ಪ ಕುಳ್ಳಗಿದ್ದದ್ದು ಬದುಕಿ ಮರಿ ಹಾಕುತ್ತದೆ, ಮರಿಯೂ ಕುಳ್ಳು. ತಲೆಮಾರಿಗೆ ಕೂದಲೆಳೆಯಷ್ಟು ಕುಗ್ಗಿದರೂ ಸಾಕು.

ಇನ್ನೊಂದು ಸ್ವಾರಸ್ಯ: ಅದೇ ಸಿಸಿಲಿಯಲ್ಲಿ ಲೈಥಿಯಾ ಎಂಬ ಡಾರ್‌ಮೌಸ್ ಇತ್ತು. ಡಾರ್‌ಮೌಸ್ ಅಂದರೆ ಇಲಿಗೂ ಅಳಿಲಿಗೂ ನಡುವಿನಂತೆ ಕಾಣುವ ಸಣ್ಣ ಪ್ರಾಣಿ. ಲೈಥಿಯಾದ ತಲೆಬುರುಡೆಯೇ ಸುಮಾರು 10 ಸೆಂಟಿಮೀಟರ್! ಆನೆ ಇಳಿದ ಮಣ್ಣಲ್ಲೇ ಇಲಿಯಂಥದ್ದು ಏರಿತು. ಸಣ್ಣ ಪ್ರಾಣಿ ಸಣ್ಣಗಿರುವುದು ಬಹುಮಟ್ಟಿಗೆ ಶತ್ರುವಿಗೆ ಹೆದರಿ ಬಿಲ ಸೇರುವುದಕ್ಕೆ. ಹೆದರಿಕೆ ತಗ್ಗಿ, ಮೇವಿಗೆ ಪೈಪೋಟಿಗೂ ಯಾರೂ ಇಲ್ಲದಿದ್ದರೆ ದೊಡ್ಡ ಮೈಗೆ ಗೆಲುವು. ಈ ಎರಡು ದಿಕ್ಕಿನ ಬದಲಾವಣೆಯನ್ನು 1964ರಲ್ಲಿ ಬ್ರಿಸ್ಟಲ್ ಫಾಸ್ಟರ್ ಗುರುತಿಸಿದರು. ಆಮೇಲೆ ಅದಕ್ಕೆ ದ್ವೀಪ ನಿಯಮ ಎಂದು ಹೆಸರು ಬಂತು. ನಿಯಮ ಎನ್ನುವುದಕ್ಕಿಂತ ಒಲವು ಎನ್ನುವುದು ಸರಿ. ಹೊಂದದ ಪ್ರಾಣಿಗಳೂ ಬಹಳ ಇವೆ. ಕೊಮೊಡೊ ಉಡವನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅಷ್ಟೇ ಗಾತ್ರದ ಉಡದ ಹಳೆಯ ಮೂಳೆಗಳು ಆಸ್ಟ್ರೇಲಿಯಾದಲ್ಲಿ ಸಿಕ್ಕಿವೆ. ಅದು ದ್ವೀಪಕ್ಕೆ ಬಂದು ಉಬ್ಬಿದ್ದಲ್ಲ, ಮೊದಲೇ ದೊಡ್ಡದು.

ಪುತ್ತೂರು_ಶಾಸ್ತ್ರಿ:
ಹಾಗಾದರೆ ಅಂಡಮಾನಿನ ಇಂಟರ್‌ವ್ಯೂ ದ್ವೀಪದ ಆನೆಗಳೂ ಕುಗ್ಗುತ್ತಿವೆಯೇ? ಮರ ಎಳೆಯಲು ಒಯ್ದ ಆನೆಗಳನ್ನು 1960ರ ದಶಕದಲ್ಲಿ ಅಲ್ಲೇ ಬಿಟ್ಟುಬಂದರಲ್ಲ. ಇನ್ನೊಂದು, ಸಣ್ಣ ಪ್ರಾಣಿ ಬೇಗ ಮರಿ ಹಾಕಿ ಬೇಗ ಸಾಯುತ್ತದೆ. ಈ ಕುಳ್ಳಾನೆಯೂ ಹಾಗೆಯೇ?

ಮೂಳೆ ಮೇಷ್ಟ್ರು:
ಅಂಡಮಾನಿನಲ್ಲಿ ಕಳೆದಿರುವುದು ಆನೆಯ ಲೆಕ್ಕದಲ್ಲಿ ಎರಡು ಮೂರು ತಲೆಮಾರು. ಅಷ್ಟರಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಆಗದು. ಆದರೆ ಲಕ್ಷಾಂತರ ವರ್ಷವೇ ಬೇಕೆಂದೂ ಇಲ್ಲ. ಫ್ರಾನ್ಸಿನ ಕರಾವಳಿಯ ಜೆರ್ಸಿ ದ್ವೀಪದಲ್ಲಿ ಕೆಂಪು ಜಿಂಕೆ, ನಮ್ಮ ಕಡವೆಯ ನೆಂಟ, 6000 ವರ್ಷದೊಳಗೆ ಆರರಲ್ಲೊಂದು ಪಾಲು ತೂಕಕ್ಕೆ ಇಳಿಯಿತೆಂದು ಏಡ್ರಿಯನ್ ಲಿಸ್ಟರ್ 1989ರಲ್ಲಿ ತೋರಿಸಿದರು.

ಎರಡನೆಯ ಪ್ರಶ್ನೆಗೆ ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಹೌದು ಎಂದೇ ಹೇಳಿದ್ದೆ, ಅದು ತಪ್ಪು. ಮರದ ಉಂಗುರದಂತೆ ಮೂಳೆಯಲ್ಲೂ ವರ್ಷದ ಗೆರೆ ಬೀಳುತ್ತದೆ. ಸಿಸಿಲಿಯ ಆನೆಗಳ ಗೆರೆ ಎಣಿಸಿದ 2021ರ ಅಧ್ಯಯನದ ಪ್ರಕಾರ ಅವು ಬೆದೆಗೆ ಬರುತ್ತಿದ್ದದ್ದು ಸುಮಾರು 15ನೇ ವರ್ಷಕ್ಕೆ, ಬದುಕುತ್ತಿದ್ದದ್ದು 68 ವರ್ಷವಾದರೂ. ಮೈ ಮಾತ್ರ ಕರುವಿನಷ್ಟು, ಬಾಳ್ವೆ ಪೂರ್ತಿ ಆನೆಯದು. ನಿಧಾನವಾಗಿ, ಬಹಳ ನಿಧಾನವಾಗಿ ಬೆಳೆದು ಕುಳ್ಳಾದವು.

ಅಮ್ಮಾ, ಮರಿಯಲ್ಲವೆಂದು ತಿಳಿಯುವುದೂ ಮೂಳೆ, ಹಲ್ಲುಗಳಿಂದಲೇ. ಆನೆಗೆ ಜೀವಮಾನದಲ್ಲಿ ಆರು ಸಲ ದವಡೆಹಲ್ಲು ಬರುತ್ತದೆ, ಒಂದು ಸವೆದಂತೆ ಹಿಂದಿನಿಂದ ಇನ್ನೊಂದು ತಳ್ಳಿಕೊಂಡು. ಅಂಗೈಯಗಲದ ದವಡೆಯಲ್ಲಿ ಕೊನೆಯ ಹಲ್ಲು ಸವೆದು ಕೂತಿದ್ದರೆ ಅದು ಮುದಿ ಆನೆ.

ಕಾವಾಡಿಯ ಮೊಮ್ಮಗಳು:
ಮೇಷ್ಟ್ರೇ, 68 ವರ್ಷ ಎಂದು ಓದಿ ಕಣ್ಣು ತುಂಬಿತು. ಅಜ್ಜ ನೋಡಿಕೊಂಡ ಹೆಣ್ಣಾನೆಯೂ ಆ ವಯಸ್ಸಿನವರೆಗೆ ಬಾಳಿತ್ತು. ಹಲ್ಲು ಸವೆದ ಮೇಲೆ ಅದಕ್ಕೆ ರಾಗಿ ಮುದ್ದೆಯನ್ನು ಚೂರು ಮಾಡಿ ಬಾಯಿಗಿಡುತ್ತಿದ್ದರು. ಬರುವ ಭಾನುವಾರ ಮಗನ ಜೊತೆ ಮತ್ತೆ ಹೋಗುತ್ತೇನೆ, ಈ ಸಲ ದವಡೆ ನೋಡಲು.