ಹಿಂದಿನ ಸೀಟಿನ ಕೆಳಗೆ ಸಿಕ್ಕ ಪೆಟ್ರೋಲ್ ವಾಸನೆ

ಅಣ್ಣಾ, ವಿಜಯಪುರದಿಂದ ನೀವು ಕೇಳಿದ್ದನ್ನು ಓದಿದೆ. ಒಂಬತ್ತು ವರ್ಷದ ಪೆಟ್ರೋಲ್ ಕಾರು, ಒಳಗೆ ಪೆಟ್ರೋಲ್ ವಾಸನೆ, ಎಸಿ ಫಿಲ್ಟರ್ ಬದಲಿಸಿದರೂ ಹೋಗಿಲ್ಲ, ಹಿಂದೆ ಕೂತ ಮಕ್ಕಳಿಗೆ ತಲೆನೋವು. ಬಾಗಲಕೋಟೆಯಲ್ಲಿ ನಮಗೂ ಹೋದ ವರ್ಷ ಹೆಚ್ಚುಕಡಿಮೆ ಇದೇ ಆಗಿತ್ತು. ಕಾರಣ ಸಿಗುವ ತನಕ ಮಕ್ಕಳನ್ನು ಆ ಗಾಡಿಯಲ್ಲಿ ಕೂರಿಸಬೇಡಿ. ಮುಚ್ಚಿದ ಶೆಡ್ಡಿನಲ್ಲೂ ನಿಲ್ಲಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡು ಕೂರುತ್ತದೆ. ಗಾಡಿಯ ಕೆಳಗೆ ಹನಿ ಕಂಡರಂತೂ ಸ್ಟಾರ್ಟೇ ಮಾಡಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ನಾವು ಮೂರು ತಿಂಗಳು ಸುಮ್ನೆ ಅಲೆದೆವು. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು, ಇನ್ನೊಂದರಲ್ಲಿ ಇಂಜೆಕ್ಟರ್ ಕ್ಲೀನ್ ಮಾಡಿದರು. ವಾಸನೆ ಹಾಗೇ ಇತ್ತು. ಕೊನೆಗೆ ನವನಗರದ ಒಬ್ಬ ಹಿರಿಯ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ ಕೇಳಿದರು: "ವಾಸನಿ ಯಾವಾಗ ಬರ್ತೈತ್ರಿ? ಟ್ಯಾಂಕ್ ಫುಲ್ ಇದ್ದಾಗೋ, ದಿನಾಲೂನೋ? ಮುಂದ ಜಾಸ್ತಿನೋ, ಹಿಂದನೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾಡಿಯ ಕೆಳಗೆ ಹಣಕಿ ನೋಡಿ, ಎಲ್ಲೂ ಹನಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ವಾರ ಎಲ್ಲ ಬರೆದಿಟ್ಟುಕೊಂಡು ಬನ್ನಿ, ಕಿಟಕಿ ಗಾಜು ಇಳಿಸಿಯೇ ಓಡಿಸಿ ಅಂದರು.

ಬರೆದಿಟ್ಟ ಮೇಲೆ ಚಿತ್ರ ಸಿಕ್ಕಿತು. ಟ್ಯಾಂಕ್ ಫುಲ್ ಮಾಡಿಸಿ ಕೊಲ್ಹಾರ ಸೇತುವೆ ಕಡೆ ಹೊರಟರೆ, ಪ್ರತಿ ಹಂಪ್ ಮತ್ತು ತಿರುವಿನಲ್ಲಿ ಘಮ್ ಅನ್ನುತ್ತಿತ್ತು. ಅರ್ಧ ಟ್ಯಾಂಕ್ ಖಾಲಿಯಾದರೆ ವಾಸನೆಯೇ ಇಲ್ಲ. ಹಿಂದೆ ಕೂತ ನನ್ನವಳಿಗೆ ಮೊದಲು ಬರುತ್ತಿತ್ತು, ನನಗೆ ಆಮೇಲೆ. ಮೂಗು ಹತ್ತು ನಿಮಿಷದಲ್ಲಿ ಒಗ್ಗಿಹೋಗುತ್ತದೆ, ಅದಕ್ಕೇ ಆಗಾಗ ಕೆಳಗಿಳಿದು ಒಂದು ಸುತ್ತು ಹಾಕಿ ಬಂದು ಮತ್ತೆ ಮೂಸಿ ನೋಡಬೇಕು.

ನಾನು ಬರೆದಿಟ್ಟದ್ದನ್ನು ನೋಡಿದ್ದೇ ಆ ಮೆಕ್ಯಾನಿಕ್ ಬ್ಯಾಟರಿ ವೈರ್ ಬಿಚ್ಚಿ, ಗಾಡಿಯನ್ನು ಬಯಲಿಗೆ ತಳ್ಳಿಸಿ, ಹಿಂದಿನ ಸೀಟು ಎತ್ತಿದರು. ನಮ್ಮ ಗಾಡಿಯಲ್ಲಿ ಅದರ ಕೆಳಗೊಂದು ಮುಚ್ಚಳ, ಮುಚ್ಚಳದ ಕೆಳಗೆ ಟ್ಯಾಂಕಿನ ಪೆಟ್ರೋಲ್ ಪಂಪು. ಪಂಪಿನ ಸುತ್ತ ಧೂಳು ಒದ್ದೆಯಾಗಿ ಬಳೆಯ ಹಾಗೆ ಕಪ್ಪಗೆ ಅಂಟಿತ್ತು. ಹಿಂದೊಮ್ಮೆ ಪಂಪು ಬದಲಿಸಿದವರು ಹಳೇ ರಬ್ಬರ್ ರಿಂಗನ್ನೇ ವಾಪಸ್ ಹಾಕಿದ್ದರು. ಅದು ಗಟ್ಟಿಯಾಗಿ ಬಿರಿದಿತ್ತು. ಹೊಸ ರಿಂಗಿನ ಬೆಲೆ ನಾವು ಮೊದಲು ಸುರಿದ ದುಡ್ಡಿನ ಮುಂದೆ ಏನೂ ಅಲ್ಲ. ನಿಮ್ಮ ಗಾಡಿಯ ಪಂಪಿಗೆ ಯಾರಾದರೂ ಕೈ ಹಾಕಿದ್ದರಾ, ನೆನಪು ಮಾಡಿಕೊಳ್ಳಿ.

ಮುಧೋಳದ ನಮ್ಮ ಭಾವನ ಕಾರಿನದು ಬೇರೆ ಕಥೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಸಿ ಕಿಂಡಿಯಿಂದಲೇ ವಾಸನೆ. ಹೊರಗಿನ ಗಾಳಿ ಬಂದ್ ಮಾಡುವ ಬಟನ್ ಒತ್ತಿದರೆ ಕಡಿಮೆ. ಆ ಗಾಳಿ ಮುಂದಿನ ಗಾಜಿನ ಬುಡದಿಂದ ಒಳಗೆ ಬರುತ್ತದಲ್ವಾ, ಅಂದರೆ ಸೋರಿಕೆ ಇಂಜಿನ್ ಕಡೆ. ಕಬ್ಬಿನ ಹೊಲದ ಪಕ್ಕ ನಿಲ್ಲಿಸುತ್ತಿದ್ದರು. ಇಲಿ ಪೆಟ್ರೋಲ್ ಪೈಪು ಕಡಿದಿತ್ತು! ಬಿಸಿ ಇಂಜಿನ್ ಪಕ್ಕ ಆ ಸೋರಿಕೆ, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಂಥ ಪೈಪಿಗೆ ಟೇಪ್ ಸುತ್ತಿಸಬೇಡಿ, ಬೈಕಿನ ಪೈಪು ಹಾಕಿಸಬೇಡಿ. ಇಂಜೆಕ್ಷನ್ ಗಾಡಿಯಲ್ಲಿ, ಅಂದರೆ ಪೆಟ್ರೋಲನ್ನು ಒತ್ತಿ ಚಿಮ್ಮಿಸುವ ಗಾಡಿಯಲ್ಲಿ, ಪೈಪಿನ ಒತ್ತಡ ಸುಮಾರು 3 ಬಾರ್ ಅಥವಾ ಜಾಸ್ತಿಯೇ ಇರುತ್ತದೆ. ಅದಕ್ಕೆಂದೇ ಬರುವ ಪೈಪು, ಕ್ಲಿಪ್ ಬೇಕು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ಗಾಡಿಯ ರಬ್ಬರಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ, ಹೊಸ ರಬ್ಬರ್ ತರುವಾಗ ಇ20ಗೆ ಆಗುತ್ತದಾ ಅಂತ ಕೇಳಿಯೇ ತನ್ನಿ.

ಇನ್ನೊಂದು. ಬಂಕಿನಲ್ಲಿ ಗನ್ ಟಕ್ ಅಂತ ತಾನೇ ನಿಂತ ಮೇಲೂ "ರೌಂಡ್ ಫಿಗರ್ ಮಾಡಪ್ಪ" ಅನ್ನುತ್ತೇವಲ್ಲ, ಅದನ್ನು ನಾನು ಬಿಟ್ಟಿದ್ದೇನೆ. ಟ್ಯಾಂಕಿನ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಕಂಠದ ತನಕ ತುಂಬಿಸಿದರೆ ಅದಕ್ಕೆ ಪೆಟ್ರೋಲೇ ನುಗ್ಗಿ ಡಬ್ಬಿ ಕೆಡಬಹುದು.

ರಿಪೇರಿ ಆದ ಮೇಲೂ ಎರಡು ದಿನ ಮ್ಯಾಟ್‌ನಲ್ಲಿ ವಾಸನೆ ಉಳಿಯುತ್ತದೆ. ಮ್ಯಾಟ್ ತೆಗೆದು ಬಿಸಿಲಿಗೆ ಹಾಕಿ, ಬಾಗಿಲು ತೆರೆದಿಡಿ. ಆಮೇಲೆ ಟ್ಯಾಂಕ್ ತುಂಬಿಸಿ ನೀವೊಬ್ಬರೇ ಒಂದು ಸುತ್ತು ಹೋಗಿ ಬನ್ನಿ. ಮತ್ತೆ ವಾಸನೆ ಬಂದರೆ ಆ ಡಬ್ಬಿ, ಪೆಟ್ರೋಲ್ ಹಾಕುವ ಬಾಯಿಯ ಪೈಪು ನೋಡಿಸಿ. ಏನು ಸಿಕ್ಕಿತು ಅಂತ ಬರೆಯಿರಿ ಅಣ್ಣಾ, ಕಾಯುತ್ತಿರುತ್ತೇನೆ.